ಸುಡುಗಾಡಲ್ಲಿ ಅಡ್ಜಸ್ಟ್

ಬಸ್ಸಲ್ಲಿ ಅಡ್ಜಸ್ಟ್ ಮಾಡಿ ಅಂದ್ರೆ ಸರ್ಕೊಂಡು ಕೂತ್ಕೋ ಅಂತ. ಆಫೀಸಲ್ಲಿ ಅಂದ್ರೆ ಜೇಬಿಗೆ ಕೈ ಹಾಕು ಅಂತ. ಹೊಸ ಸೊಸೆಗೆ ಹೇಳಿದ್ರೆ ಬಾಯಿ ಮುಚ್ಕೊಂಡಿರು ಅಂತ. ಸುಡುಗಾಡು ಕಾಯೋ ಚಿಕ್ಕಮಾರನಿಗೆ ಅವತ್ತು ಇನ್ನೊಂದು ಅರ್ಥ ಗೊತ್ತಾಯ್ತು.

ಹೆಣ ಸುಡೋಕೆ ಅಲ್ಲಿದ್ದಿದ್ದು ಒಂದೇ ಕರೆಂಟ್ ಒಲೆ. ಹೂ ಮಾರೋ ಸಾಕಮ್ಮ ಗಂಡನ ಹೆಣ ಇಟ್ಕೊಂಡು ಬೆಳಗಿಂದ ಕಾಯ್ತಿದ್ಲು, ಮುಂದಿನ ಸರದಿ ಅವಳ್ದೇ. ಅಷ್ಟರಲ್ಲಿ ಕಾರ್ಪೊರೇಟರ್ ಲೋಕನಾಥ ತನ್ನ ಮಾವನ ಹೆಣದ ಜೊತೆ ದಂಡು ಕಟ್ಕೊಂಡು ಬಂದ.

"ಆ ಹೆಣ ಪಕ್ಕಕ್ಕೆ ಎಳಿ, ನಮ್ದು ಮೊದ್ಲು. ಸ್ವಲ್ಪ ಅಡ್ಜಸ್ಟ್ ಮಾಡು, ಕೆಲಸ ಉಳಿಸ್ಕೋ."

ಚಿಕ್ಕಮಾರ ಇಲ್ಲ ಅನ್ನಲಿಲ್ಲ. ಸಾಕಮ್ಮನ ಗಂಡನ ಚಟ್ಟದ ಹತ್ರ ಹೋಗಿ, ಎಲ್ಲರಿಗೂ ಕೇಳೋ ಹಾಗೆ ಕೂಗಿದ: "ಲೋಕನಾಥಣ್ಣಾ, ಈ ಬಡವಂಗೆ ಹೆಗಲು ಕಮ್ಮಿ ಬಿದ್ದದೆ. ಒಂದು ಹೆಗಲು ಕೊಡಿ!"

ಹೆಣಕ್ಕೆ ಹೆಗಲು ಕೇಳಿದಾಗ ಒಲ್ಲೆ ಅಂದೋನಿಗೆ ನಮ್ಮ ಕಡೆ ಯಾರೂ ಮುಖ ಕೊಡಲ್ಲ, ಓಟಂತೂ ದೂರದ ಮಾತು. ಜನ ನೋಡ್ತಿದ್ರು. ಲೋಕನಾಥ ಹಲ್ಲು ಕಚ್ಕೊಂಡು ಹೆಗಲು ಕೊಟ್ಟ. ಹೊತ್ತ ಮೇಲೆ ಒಲೆ ಮುಟ್ಟೋವರೆಗೂ ಇಳಿಸೋ ಹಾಗಿಲ್ಲ.

ಸಾಕಮ್ಮನ ಗಂಡನ ಹೆಣ ಒಳಗೆ ಹೋಗಿ ಒಲೆ ಬಾಗಿಲು ಮುಚ್ಚಿತು. "ನನ್ ಕೈಲೇ ಹೊರಿಸಿದ್ಯಲ್ಲೋ ಬಡ್ಡಿಮಗನೇ" ಅಂತ ಲೋಕನಾಥ ಗೊಣಗಿದ.

"ಮೆಲ್ಲಗೆ ಅಣ್ಣಾ," ಅಂದ ಚಿಕ್ಕಮಾರ. "ಅಲ್ಲಿ ನೋಡಿ, ಸಾಕಮ್ಮ ನಿಮ್ ಮಾವನ ಹತ್ರ ಕೂತು ಅಳ್ತಾವ್ಳೆ. ಇಷ್ಟು ಜನ ಬಂದಿದ್ದೀರಿ, ಅದೊಂದು ಕೆಲಸ ಯಾರೂ ಮಾಡಿರ್ಲಿಲ್ಲ."