ಆಯಿ ಹೋದ ಬಗೆ

ಮಹಾರುದ್ರ ಘಟಪ್ರಭೆಯ ದಂಡೆಯ ಆಶ್ರಮಕ್ಕೆ ಬಂದದ್ದು ವೇದಾಂತ ಕಲಿಯಲಿಕ್ಕೆ. ಗುರುಗಳು ಅವನ ಕೈಗೆ ಕೊಟ್ಟದ್ದು ಒಂದು ಸೀಮೆಸುಣ್ಣ ಮತ್ತು ಆಶ್ರಮದ ಶಾಲೆಯ ಏಳನೇ ತರಗತಿಯ ಇಂಗ್ಲಿಷ್ ಪಾಠ.

ಎಲ್ಲರೂ ಅಜ್ಜಾರು ಎಂದು ಕರೆಯುವ ಆ ಗುರುಗಳಿಗೆ ಎದುರಾಡುವುದುಂಟೆ? ಒಲ್ಲದ ಮನಸ್ಸಿನಿಂದ ಒಪ್ಪಿದ. ಒಪ್ಪಿದ ಮೇಲೆ ಮಾತ್ರ ಟೊಂಕ ಕಟ್ಟಿ ನಿಂತ.

ಅಡ್ವರ್ಬ್ ಪಾಠ ಬಂತು. ಕೆಲಸ ಹೇಗೆ ನಡೆಯಿತೆಂದು ಹೇಳುವ ಪದವೇ ಅಡ್ವರ್ಬ್ ಎಂದು ಕಲಿಸಿದ. ಸ್ಲೋಲಿ, ಕ್ವಿಕ್ಲಿ ಎಂದು ಮೂವತ್ತು ಪದಗಳನ್ನು ರಟ್ಟಿನ ಮೇಲೆ ಬರೆದು ಗೋಡೆಗೆ ತೂಗುಹಾಕಿದ. ಪ್ರಬಂಧದಲ್ಲಿ ಒಂದು ಪದ ಬಳಸಿದರೆ ಒಂದು ಮಾರ್ಕು ಎಂದು ಸಾರಿಬಿಟ್ಟ.

ಮಕ್ಕಳು ಬಿಟ್ಟಾರೆಯೇ! ಒಬ್ಬನ ಎಮ್ಮೆ ಹ್ಯಾಪಿಲಿ ಸಗಣಿ ಹಾಕಿತು. ಇನ್ನೊಬ್ಬಳ ಅಪ್ಪ ಬ್ರೇವ್ಲಿ ಚಹಾ ಕುಡಿದ. ಮಹಾರುದ್ರ ಎಲ್ಲದಕ್ಕೂ ಮಾರ್ಕು ಕೊಟ್ಟ.

ನೀಲಗಂಗಾ ಎಂಬ ಹುಡುಗಿ ತಾನು ಆಯಿ ಎಂದು ಕರೆಯುತ್ತಿದ್ದ ಅಜ್ಜಿಯ ಬಗ್ಗೆ ಬರೆದಿದ್ದಳು. ಕೊನೆಯ ಸಾಲು ಹೀಗಿತ್ತು: ‘ಮೈ ಗ್ರ್ಯಾಂಡ್‌ಮದರ್ ಡೈಡ್ ಬ್ಯೂಟಿಫುಲಿ.’

ಅಜ್ಜಿ ಚೆಂದವಾಗಿ ಸತ್ತಳು! ಮಹಾರುದ್ರ ಅದನ್ನು ಎಲ್ಲರೆದುರು ಓದಿ ಗಹಗಹಿಸಿ ನಕ್ಕ. ತರಗತಿಯೂ ನಕ್ಕಿತು. ಆ ಪದವನ್ನು ಕೆಂಪು ಶಾಯಿಯಲ್ಲಿ ಹೊಡೆದು, ಮೇಲೆ ‘ಪೀಸ್‌ಫುಲಿ’ ಎಂದು ಬರೆದ. ಶಾಂತವಾಗಿ ಸತ್ತಳು ಎನ್ನುವುದೇ ಲೋಕರೂಢಿ ಎಂದು ವಿವರಿಸಿದ.

ಮರುದಿನದಿಂದ ನೀಲಗಂಗಾ ಬರಲಿಲ್ಲ. ನಾಲ್ಕು ದಿನ ಕಳೆಯಿತು. ಇನ್ನು ಶಾಲೆಯೇ ಬೇಡವೆಂದು ಹಟ ಹಿಡಿದಿದ್ದಾಳೆಂದು ಸುದ್ದಿ ಬಂತು.

ಅಜ್ಜಾರು ಮಹಾರುದ್ರನನ್ನು ಕರೆಸಿದರು. “ಆ ಕೂಸು ಬರೋತನಕ ನೀ ಪಾಠ ಮಾಡಬ್ಯಾಡ.”

ಮಹಾರುದ್ರ ಅವಳ ಮನೆಗೆ ಹೋದ. ಹೋದಷ್ಟೇ ಬೇಗ ತಿರುಗಿ ಬಂದ.

“ಬರವಲ್ಲಳ್ರೀ ಅಜ್ಜಾರ. ಬಾಗಲದ ಹಿಂದಿನಿಂದ ಹೊರಗ ಬರಲಿಲ್ಲ.”

“ನೀ ಏನಂದಿ?”

“ತಪ್ಪು ಎಲ್ಲಾರೂ ಮಾಡ್ತಾರ, ನಾ ಮನಸಿನ್ಯಾಗ ಇಟ್ಟುಕೊಂಡಿಲ್ಲ, ಬಾ ಅಂದೆ.”

“ಅಂದ್ರ ಆಕಿನ್ನ ಕ್ಷಮಿಸಿ ಬಂದಿ!” ಅಜ್ಜಾರಿಗೆ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ಕೇಳಿದರು. “ತಮ್ಮಾ, ನಿನ್ನ ಅಡ್ವರ್ಬ್ ಅಂದ್ರ ಏನೋ?”

“ಕೆಲಸ ಹೆಂಗ ಆತು ಅಂತ ಹೇಳೋ ಪದಾರಿ.”

“ಮುದುಕಿ ಹೆಂಗ ಹೋದ್ಲು?”

“ಅದು ನನಗೇನ ಗೊತ್ತರಿ?”

ಅಜ್ಜಾರು ಎದ್ದರು. ಮೂಲೆಯಲ್ಲಿದ್ದ ಅವನ ಚಪ್ಪಲಿಗಳನ್ನು ತಾವೇ ಎತ್ತಿ ತಂದು ಅವನ ಕಾಲ ಮುಂದಿಟ್ಟರು. ಮಹಾರುದ್ರನಿಗೆ ನಾಚಿಕೆಯಿಂದ ಭೂಮಿಗಿಳಿದಂತಾಯಿತು.

ಮತ್ತೆ ಹೋದ. ಈ ಸಲ ಬಾ ಎನ್ನಲಿಲ್ಲ. ಹೊಸ್ತಿಲ ಹೊರಗೆ ಕಟ್ಟೆಯ ಮೇಲೆ ಕೂತ. ಬಹಳ ಹೊತ್ತಿನ ಮೇಲೆ ಬಾಗಿಲ ಕಡೆ ನೋಡದೆಯೇ ಕೇಳಿದ.

“ನಿಮ್ಮ ಆಯಿ ಹೆಂಗ ಹೋದ್ರವಾ?”

ಆಮೇಲೆ ಬಾಗಿಲು ಅರ್ಧ ತೆರೆಯಿತು.

“ನಾ ಆಯಿ ತಲಿ ಬಾಚಾಕತ್ತಿದ್ದೆ ರೀ. ಬೈತಲಿ ಸೊಟ್ಟ ತಗದೀ, ನಿನಗ ಎಂದ ಬರಬೇಕ ಅಂತ ಬೈದ್ಲು. ನಾ ಬೇಕಂತ ಮತ್ತ ಸೊಟ್ಟ ತಗದೆ. ಇಬ್ಬರೂ ಭಾಳ ನಕ್ಕಿವಿ. ನಕ್ಕೋತ ನಕ್ಕೋತ ನನ್ನ ಎದಿಗೆ ಒರಗಿದ್ಲು. ನಕ್ಕು ಸಾಕಾಗೇತಿ ಅಂದುಕೊಂಡೆ.”

ಮಹಾರುದ್ರ ತಲೆ ತಗ್ಗಿಸಿದ.

“ನಗು ಮಾರಿ ಮ್ಯಾಲ ಹಂಗ ಇತ್ತ ರೀ. ನೀವು ಪೀಸ್‌ಫುಲಿ ಅಂತ ಬರದೀರಿ. ಆಕಿ ಒಂದಿನಾನೂ ಸುಮ್ಮ ಕುಂತಾಕಿ ಅಲ್ಲ. ನನ್ನ ಬೈಕೋತ, ನಕ್ಕೋತ ಹೋದ್ಲ ರೀ.”

ಇಂಥ ಸಾವಿನ ಮೇಲೆ ತಾನು ಕೆಂಪು ಗೆರೆ ಎಳೆದಿದ್ದೆನಲ್ಲ ಎಂದು ಮಹಾರುದ್ರ ಸಂಕಟಪಟ್ಟ. ಶಿಕ್ಷಕನೆಂಬ ಬಿಗುವು ಬಿಟ್ಟು ಅತ್ತ.

“ನಾ ನಗಬಾರದಿತ್ತವಾ. ತಪ್ಪು ನಂದು.”

ನೀಲಗಂಗಾ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದುಕೊಟ್ಟಳು. ಶಾಲೆಗೆ ಬರುತ್ತೇನೆ ಎಂದೇನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಮಹಾರುದ್ರ ಶಾಲೆಯ ಬಾಗಿಲಲ್ಲೇ ನಿಂತು ದಾರಿ ಕಾದ. ಅಜ್ಜಾರು ಹಿಂದಿನ ಸಾಲಿನಲ್ಲಿ ಮಕ್ಕಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಗಂಟೆ ಬಾರಿಸಿ ಎಷ್ಟೋ ಹೊತ್ತಾದ ಮೇಲೆ ನೀಲಗಂಗಾ ಬಂದಳು. ಪ್ರಬಂಧದ ನೋಟುಬುಕ್ಕನ್ನು ಎದೆಗವಚಿಕೊಂಡಿದ್ದಳು.

ಮಹಾರುದ್ರ ಮಕ್ಕಳೆದುರು ನಿಂತು ಹೇಳಿದ. “ಅವತ್ತು ನಾ ಏನೂ ಕೇಳದ ನಕ್ಕೆ. ನನ್ನ ಕೂಡ ನೀವೂ ನಕ್ಕಿರಿ. ನಾ ಮಾಡಿದ್ದು ತಪ್ಪು.”

ನೀಲಗಂಗಾ ನೋಟುಬುಕ್ಕು ಬಿಚ್ಚಿ, ಕೆಂಪು ಗೆರೆಯ ಮೇಲೆ ಬೆರಳಿಟ್ಟು ಕೇಳಿದಳು.

“ಹಂಗಾರ ಇಲ್ಲಿ ಯಾವ ಪದ ಸರಿ ರೀ ಸರ್?”

ಮಹಾರುದ್ರ ಹಿಂದಿನ ಸಾಲಿನಲ್ಲಿದ್ದ ಗುರುಗಳ ಕಡೆ ನೋಡಿದ.

“ನನ್ನ ಮಾರಿ ಏನ ನೋಡ್ತೀಯೋ ತಮ್ಮಾ,” ಎಂದರು ಅಜ್ಜಾರು. “ಆ ಹೊತ್ತಿನ್ಯಾಗ ಮುದುಕಿ ಹತ್ರ ನೀನೂ ಇರಲಿಲ್ಲ, ನಾನೂ ಇರಲಿಲ್ಲ. ಇದ್ದಾಕಿ ಆಕಿ.”