ಕೆನೆ ತಿಂದ ಬೆಕ್ಕಿನ ಮೇಲ್ಮನವಿ

ಅಟ್ಟದ ಪಾರಿವಾಳವನ್ನು ಕೊಂದಿತೆಂದು ನರಿಯ ನ್ಯಾಯಾಲಯ ಬೆಕ್ಕಿಗೆ ಗಲ್ಲುಶಿಕ್ಷೆ ವಿಧಿಸಿತು. ಬೆಕ್ಕು ಆನೆಯ ಮುಂದೆ ಮೇಲ್ಮನವಿ ಹಾಕಿತು.

"ಮಹಾಸ್ವಾಮಿ, ಕೊಲೆಯಾದ ಆ ಮಧ್ಯಾಹ್ನ ನಾನು ಅಟ್ಟದಲ್ಲಿರಲಿಲ್ಲ. ಅಡುಗೆಮನೆಯಲ್ಲಿ, ಗಡಿಗೆಯಲ್ಲಿ ಆರಲಿಟ್ಟ ಹಾಲಿನ ಕೆನೆ ತಿನ್ನುತ್ತಿದ್ದೆ."

"ಸುಳ್ಳು!" ಎಂದಿತು ಅಡುಗೆಮನೆಯ ಬಾಗಿಲು ಕಾಯುವ ನಾಯಿ. "ಅಂದು ನಾನು ರೆಪ್ಪೆ ಮುಚ್ಚಿಲ್ಲ. ಒಳಗೆ ನೊಣವೂ ಹೋಗಿಲ್ಲ."

"ಈ ಸಾಕ್ಷಿ ನಂಬಿಯೇ ಶಿಕ್ಷೆ ಕೊಟ್ಟೆ," ಎಂದಿತು ನರಿ.

ಆನೆ ಕಿವಿ ಬೀಸುತ್ತಾ ನಾಯಿಯನ್ನು ಕೇಳಿತು: "ಅಂದು ಗಡಿಗೆಯ ಕೆನೆ ಖಾಲಿಯಾದದ್ದು ನಿಜವೇ?"

"ನಿಜ, ಮಹಾಸ್ವಾಮಿ."

"ಬೇರೆ ಯಾರೂ ಒಳಗೆ ಹೋಗಿಲ್ಲ. ಅಂದಮೇಲೆ ಕೆನೆ ತಿಂದದ್ದು ನೀನೇ."

"ಅಯ್ಯೋ, ನಾನಲ್ಲ!" ನಾಯಿ ಬೊಬ್ಬಿಟ್ಟಿತು. "ಈ ಬೆಕ್ಕೇ ತಿಂದದ್ದು! ಪಾರಿವಾಳದ ಚೀರಾಟಕ್ಕೆ ನನಗೆ ಎಚ್ಚರವಾದಾಗ ಇದರ ಮುಖ ಇನ್ನೂ ಗಡಿಗೆಯೊಳಗೇ ಇತ್ತು!"

ಸಭೆ ಘೊಳ್ಳೆಂದು ನಕ್ಕಿತು.

"ಒಂದು ಗಳಿಗೆಯ ನಿದ್ದೆ ಮುಚ್ಚಿಡಲು ಒಂದು ಜೀವ ತೆಗೆಸುತ್ತಿದ್ದೆಯಲ್ಲ!" ಎಂದು ಆನೆ ನಾಯಿಯನ್ನು ಗದರಿತು. "ಶಿಕ್ಷೆ ರದ್ದು. ನರಿಯೇ, ಕೊಂದವರನ್ನು ಹೊಸದಾಗಿ ಹುಡುಕು."

ಬೆಕ್ಕು ಬಾಲವೆತ್ತಿಕೊಂಡು ನರಿಯ ಮುಂದೆಯೇ ಹಾದುಹೋಗುತ್ತಾ ಹೆಮ್ಮೆಯಿಂದ ಹೇಳಿತು: "ನೋಡಿದಿರಾ ಸ್ವಾಮಿ, ನಾನು ಬರೀ ಕಳ್ಳಬೆಕ್ಕು!"