ಮಾರಿ ಸಾಗಿದ ದಾರಿ

ನಮ್ಮ ಗುರುಗಳಾದ ಸಂಗಯ್ಯನವರ ಗುಡಿಸಲು ಹೊಳೆದಂಡೆಯಲ್ಲಿತ್ತು. ಆ ಮರಳು, ಸಿಡುಬಿನ ಕಲೆ ತುಂಬಿದ ಅವರ ಮುಖ, ನೆನೆದರೆ ಈ ವಯಸ್ಸಿನಲ್ಲೂ ಅಲ್ಲಿಗೇ ಹೋಗಿ ಕೂರಬೇಕೆನಿಸುತ್ತದೆ.

ಆ ಬೇಸಗೆಯಲ್ಲಿ ನಮ್ಮೂರಿಗೆ ಸಿಡುಬು ಬಂತು. ತಿಂಗಳೊಳಗೆ ಒಂಬತ್ತು ಜನ ಹೋದರು.

ಊರವರು ವಾಡಿಕೆಯಂತೆ ಮಾರಿಯನ್ನು ಸಾಗಹಾಕಲು ನಿಂತರು. ಮಣ್ಣಿನ ಮಾರಿಯ ಜೊತೆ ರೋಗಿಗಳ ಹಾಸಿಗೆ ಬಟ್ಟೆಯನ್ನೂ ಹೊತ್ತು, ಮುಂದಿನ ಊರಿನ ಗಡಿಯಲ್ಲಿಟ್ಟು, ತಿರುಗಿ ನೋಡದೆ ಬರಬೇಕು. ಆ ಊರಿನವರು ಅದನ್ನು ತಮ್ಮ ಮುಂದಿನ ಊರಿಗೆ ದಾಟಿಸುತ್ತಾರೆ.

ಹೊರಲು ನನ್ನನ್ನೇ ಆರಿಸಿದರು. ನಾನು ಉಬ್ಬಿಹೋಗಿ ಗುರುಗಳ ಅಪ್ಪಣೆ ಕೇಳಲು ಓಡಿದೆ.

ಅವರು, ಬೇನೆ ಬಂದ ಊರಿಗೊಂದರಂತೆ ಮರಳ ಮೇಲೆ ಕಲ್ಲಿಡು ಎಂದರು.

ಇಟ್ಟೆ. ಐದು ಕಲ್ಲು ಒಂದೇ ಸಾಲಾಗಿ ಬಂದು ನಮ್ಮೂರಲ್ಲಿ ನಿಂತವು.

"ಹೊಳೆಯಾಚೆ ಕೂಗಳತೆಯಲ್ಲೇ ಒಂದು ಊರಿದೆಯಲ್ಲ. ಅಲ್ಲಿ ಕಲ್ಲಿಲ್ಲವೇ?"

"ಅಲ್ಲಿಗೆ ಬೇನೆ ಹೋಗಿಲ್ಲ ಗುರುಗಳೇ. ನಾವು ಮಾರಿಯನ್ನು ಹೊಳೆ ದಾಟಿಸೋದಿಲ್ಲ."

ನನ್ನ ಬಾಯಿಂದಲೇ ಬಂದ ಮಾತು. ಆದರೂ ನನಗೆ ಏನೂ ಹೊಳೆಯಲಿಲ್ಲ. ಅಷ್ಟು ದಡ್ಡನಾಗಿದ್ದೆ.

ಗುರುಗಳು ಇನ್ನೊಂದು ಕಲ್ಲನ್ನು ನನ್ನ ಕೈಗಿಟ್ಟರು.

"ನಾಳೆ ನೀನು ಹೊತ್ತು ಹೋಗುವ ಊರಿಗೆ ಇದನ್ನಿಡು."

ಅದು ನನ್ನಕ್ಕ ಗೌರವ್ವನನ್ನು ಕೊಟ್ಟ ಊರು. ಅವಳು ಹಸಿ ಬಾಣಂತಿ. ಕಲ್ಲಿಡಲು ಕೈ ಬರಲಿಲ್ಲ. ನಾಲ್ಕು ಊರನ್ನು ದಾಟಿ ಬೇನೆ ಹೇಗೆ ನಮ್ಮಲ್ಲಿಗೆ ಬಂತೆಂದು ಆಗ ತಿಳಿಯಿತು.

"ನಾನು ಹೊರೋದಿಲ್ಲ ಗುರುಗಳೇ."

"ನೀನು ಬಿಟ್ಟರೆ ಇನ್ನೊಬ್ಬ ಹೊರುತ್ತಾನೆ," ಎಂದರು.

ಮರುದಿನ ಬೆಳಿಗ್ಗೆ ಇನ್ನೊಬ್ಬನೇ ಹೊತ್ತ. ತಮಟೆಯವರು ಊರಬಾಗಿಲಿಗೆ ಬರುವ ಹೊತ್ತಿಗೆ ಗುರುಗಳು ದಾರಿಗೆ ಅಡ್ಡ ನಿಂತಿದ್ದರು.

ಯಾರೂ ಅವರನ್ನು ಗದರಲಿಲ್ಲ. ಮಗನನ್ನು ಮಣ್ಣು ಮಾಡಿ ನಾಲ್ಕೇ ದಿನವಾಗಿದ್ದ ಗೌಡರು ಕೈಮುಗಿದು ಅತ್ತರು. ಅವರನ್ನು ಕಂಡು ನನಗೂ ಅಳು ಬಂತು.

"ಈಕೆಯನ್ನು ಕಳಿಸದಿದ್ದರೆ ಉಳಿದ ಮಕ್ಕಳ ಗತಿಯೇನು ಸ್ವಾಮಿ? ನಮ್ಮ ಮೇಲೆ ಸಿಟ್ಟಾಗಿ ಬಂದವಳು, ತಾನಾಗಿ ಹೋಗ್ತಾಳಾ?"

ಗುರುಗಳು ಮುಂದೆ ಬಂದು ಮಾರಿಯನ್ನೂ ಬಟ್ಟೆಯ ಗಂಟನ್ನೂ ತಾವೇ ಇಳಿಸಿಕೊಂಡರು. ಒಮ್ಮೆ ಸಿಡುಬು ಬಂದು ಹೋದ ಮೈಗೆ ಅದು ಮತ್ತೆ ಅಂಟುವುದಿಲ್ಲ.

"ಆಕೆ ತಾನಾಗಿ ಬಂದೂ ಇಲ್ಲ ಗೌಡರೇ, ಅಷ್ಟು ದೂರದಿಂದ ಹೊತ್ತು ತಂದಿದ್ದಾರೆ. ಇನ್ನು ನನ್ನ ಅಂಗಳದಲ್ಲಿ ಕೂರಲಿ."